ನಿವ್ವಳ ಗೆಲುವು: ಬೆಟ್ಟಿಂಗ್ ದುಡ್ಡಿನ ತೆರಿಗೆ ಲೆಕ್ಕ

ಬೆಟ್ಟಿಂಗಿನಲ್ಲಿ ಗೆದ್ದ ದುಡ್ಡೂ ಆದಾಯವೇ. ಅದಕ್ಕೆ ನೇರವಾಗಿ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಒಟ್ಟು ಶೇ. 31.2. ಸಂಬಳ ಕಡಿಮೆ ಇರುವವರಿಗೆ ಒಂದು ದರ, ಜಾಸ್ತಿ ಇರುವವರಿಗೆ ಇನ್ನೊಂದು ದರ ಎಂಬ ಸ್ಲ್ಯಾಬ್ ಪದ್ಧತಿ ಇಲ್ಲಿಲ್ಲ. ಬೇರೆ ಆದಾಯವೇ ಇಲ್ಲದವರಿಗೂ ಇದೇ ದರ.

ಆದರೆ ಗೆದ್ದ ದುಡ್ಡು ಅಂದರೆ ಎಷ್ಟು? ಸೋತದ್ದನ್ನು ಕಳೆದು ಉಳಿದದ್ದು ಅಲ್ವಾ, ಅನ್ನುತ್ತೇವೆ ನಾವು. ಆ ಉಳಿದ ದುಡ್ಡೇ ನಿವ್ವಳ ಗೆಲುವು. ಕಾಯ್ದೆ ಈ ಲೆಕ್ಕವನ್ನು ಒಂದು ಕಡೆ ಒಪ್ಪುತ್ತದೆ, ಇನ್ನೊಂದು ಕಡೆ ಒಪ್ಪುವುದಿಲ್ಲ.

ಒಪ್ಪದಿರುವುದು ಕುದುರೆ ರೇಸಿನಲ್ಲಿ. ಬೆಂಗಳೂರಿನ ಟರ್ಫ್ ಕ್ಲಬ್ಬಿಗೋ ಮೈಸೂರಿನ ರೇಸಿಗೋ ಹೋದಿರಿ ಅಂದುಕೊಳ್ಳಿ. ಒಂದು ಟಿಕೆಟ್ಟಿಗೆ 60,000 ರೂಪಾಯಿ ಗೆಲುವು ಬಂತು. ಆ ಸೀಸನ್ನಿನ ಮಿಕ್ಕ ರೇಸುಗಳಲ್ಲಿ 70,000 ಹೋಯಿತು. ಮನೆಯವರ ಲೆಕ್ಕದಲ್ಲಿ ನಿಮಗೆ 10,000 ನಷ್ಟ. ತೆರಿಗೆ ಲೆಕ್ಕದಲ್ಲಿ 60,000 ಆದಾಯ. ಅದಕ್ಕೆ ಸೆಸ್ ಸೇರಿ 18,720 ರೂಪಾಯಿ ಕಟ್ಟಬೇಕು. ಸೋತ ಟಿಕೆಟ್ಟು, ಪ್ರವೇಶ ಶುಲ್ಕ, ರೇಸ್ ಪುಸ್ತಕದ ಬೆಲೆ ಯಾವುದನ್ನೂ ಕಳೆಯುವ ಹಾಗಿಲ್ಲ. ರೇಸಿಗಾಗಿಯೇ ಕುದುರೆ ಸಾಕುವ ಮಾಲೀಕರಿಗೆ ಮಾತ್ರ ಈ ವಿಷಯದಲ್ಲಿ ವಿನಾಯಿತಿ ಇದೆ. ಜೂಜಾಡುವವನಿಗಿಂತ ಕುದುರೆ ಇಟ್ಟವನ ಮೇಲೆ ಕಾನೂನಿಗೆ ಪ್ರೀತಿ ಜಾಸ್ತಿ! ಗೆಲುವು 10,000 ದಾಟಿದರೆ ದುಡ್ಡು ಕೊಡುವವರೇ ಶೇ. 30 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಅದರೊಳಗಿನ ಗೆಲುವಿಗೆ ಟಿಡಿಎಸ್ ಇಲ್ಲ ಅಷ್ಟೇ. ತೆರಿಗೆಯೇ ಇಲ್ಲ ಎಂದು ತಿಳಿಯುವವರು ಬಹಳ ಮಂದಿ, ಅದು ತಪ್ಪು.

ನಿವ್ವಳದ ಲೆಕ್ಕ ಒಪ್ಪಿದ್ದು ಆನ್‌ಲೈನ್ ಆಟಗಳಲ್ಲಿ. 2023ರ ಏಪ್ರಿಲ್ 1ರಿಂದ ಇದಕ್ಕೆ ಬೇರೆ ನಿಯಮ ಬಂತು. ಹಣಕಾಸು ವರ್ಷದಲ್ಲಿ ಖಾತೆಯಿಂದ ತೆಗೆದ ದುಡ್ಡಿಗೆ ವರ್ಷದ ಕೊನೆಯಲ್ಲಿ ಉಳಿದ ದುಡ್ಡನ್ನು ಕೂಡಿಸಬೇಕು. ಅದರಿಂದ ನೀವು ಹಾಕಿದ ದುಡ್ಡನ್ನೂ ವರ್ಷದ ಮೊದಲಿಗೆ ಇದ್ದ ಬಾಕಿಯನ್ನೂ ಕಳೆಯಬೇಕು. ಉಳಿದದ್ದು ನಿವ್ವಳ ಗೆಲುವು. ಖಾಲಿ ಖಾತೆಗೆ 20,000 ಹಾಕಿ, 50,000 ತೆಗೆದು, ಖಾತೆ ಮತ್ತೆ ಖಾಲಿಯಾಗಿದ್ದರೆ ನಿವ್ವಳ 30,000. ಟಿಡಿಎಸ್ 9,000. ಇದರಲ್ಲಿ ಸೆಸ್ ಸೇರಿರುವುದಿಲ್ಲ. ರಿಟರ್ನ್ ಹಾಕುವಾಗ 360 ರೂಪಾಯಿ ಬಾಕಿ ಕಾಣಿಸಿದರೆ ಗಾಬರಿ ಬೇಡ, ಅದು ಆ ಸೆಸ್ಸೇ. 70,000 ಹಾಕಿ 60,000 ಮಾತ್ರ ತೆಗೆದವನಿಗೆ ಇಲ್ಲಿ ತೆರಿಗೆಯೇ ಇಲ್ಲ. ರೇಸಿನವನ ಜೊತೆ ಹೋಲಿಸಿ ನೋಡಿ, ಎಷ್ಟು ವ್ಯತ್ಯಾಸ!

ಹಾಗಂತ ಆನ್‌ಲೈನಿನಲ್ಲಿ ಸೋತದ್ದನ್ನು ಸಂಬಳದಿಂದಲೋ ಅಂಗಡಿ ಲಾಭದಿಂದಲೋ ಕಳೆಯಲು ಬರುವುದಿಲ್ಲ. ಕಂಪನಿ ಕೊಡುವ ಬೋನಸ್ ಕೂಡ ನೀವು ಹಾಕಿದ ದುಡ್ಡಲ್ಲ. ಅದು ಗೆಲುವಿನ ಕಡೆಗೇ ಹೋಗುತ್ತದೆ.

2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಡ್ರೀಮ್11ನಂಥ ದೊಡ್ಡ ಆ್ಯಪ್‌ಗಳು ದುಡ್ಡಿನ ಸ್ಪರ್ಧೆ ನಿಲ್ಲಿಸಿದವು. ಹಿಂದಿನ ವರ್ಷಗಳ ಗೆಲುವಿನ ತೆರಿಗೆ ಅದರಿಂದ ಮನ್ನಾ ಆಗಿಲ್ಲ.

ಇನ್ನು ಐಪಿಎಲ್ ಹೊತ್ತಿನಲ್ಲಿ ಬುಕ್ಕಿಯ ಹತ್ತಿರ ಕಟ್ಟಿ ಗೆದ್ದದ್ದು? ಕ್ರಿಕೆಟ್ ಬೆಟ್ಟಿಂಗ್ ಅಪರಾಧ, ಆದರೆ ಬಂದ ದುಡ್ಡು ಆದಾಯವೇ. ತೆರಿಗೆ ಕಾನೂನು ದುಡ್ಡು ಬಂದ ದಾರಿ ಸರಿಯೋ ತಪ್ಪೋ ನೋಡುವುದಿಲ್ಲ. ತೆರಿಗೆ ಕಟ್ಟಿದರೆ ಅಪರಾಧ ಸಕ್ರಮವೂ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದೆಲ್ಲ ವಿಚಿತ್ರ ಅನ್ನಿಸಬಹುದು. ಅಲ್ಲಿ ಬೆಟ್ ಕಟ್ಟಿ ಗೆದ್ದವನ ಮೇಲೆ ಆದಾಯ ತೆರಿಗೆ ಇಲ್ಲ, ತೆರಿಗೆ ಕಟ್ಟುವುದು ಬುಕ್‌ಮೇಕರ್ ಕಂಪನಿಗಳು. ಇಲ್ಲಿ ಗೆದ್ದ ಸಂಬಳದಾರರು ಮಾತ್ರ ಎಂದಿನ ರಿಟರ್ನ್ ಫಾರ್ಮ್ ಐಟಿಆರ್-1 ಬಿಟ್ಟು ಐಟಿಆರ್-2 ತುಂಬಬೇಕು. ಲಾಟರಿ, ರೇಸುಗಳ ಗೆಲುವಿಗೆ ಐಟಿಆರ್-1ರಲ್ಲಿ ಜಾಗವಿಲ್ಲ. ಟಿಡಿಎಸ್ ಹಿಡಿದದ್ದು ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆ. ರಿಟರ್ನ್ ಹಾಕುವ ಮುಂಚೆ ಅದನ್ನೊಮ್ಮೆ ತೆಗೆದು ನೋಡಿ, ಇಲಾಖೆಯವರೂ ನೋಡಿರುತ್ತಾರೆ.