ಪದ ಪರಿಚಯ: ಈಸ್ಟರ್ನ್ ಟೈಮ್, ಅಂದರೆ ನಮ್ಮ ಸಂಜೆ ಏಳೋ ಎಂಟೋ?

ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳಿಗೆ ಕೆಲಸ ಮಾಡುವ ಬಹಳ ಜನರಿಗೆ ಸಂಬಳದ ಜೊತೆ ಆ ಕಂಪನಿಯ ಶೇರುಗಳೂ ಸಿಗುತ್ತವೆ. ಆರ್‌ಎಸ್‌ಯು ಅಂತಾರೆ. ಮೊಬೈಲ್ ಆ್ಯಪಿನಿಂದ ನೇರವಾಗಿ ಆಪಲ್, ಮೈಕ್ರೋಸಾಫ್ಟ್ ಶೇರು ಕೊಳ್ಳುವವರೂ ಇದ್ದಾರೆ. ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಅಲ್ಲಿಯ ಮಾರ್ಕೆಟ್ ನಮ್ಮ ಟೈಮಿಗೆ ಎಷ್ಟು ಹೊತ್ತಿಗೆ ತೆರೆಯುತ್ತೆ? ಒಬ್ಬರು ಸಂಜೆ ಏಳಕ್ಕೆ ಅನ್ನುತ್ತಾರೆ. ಇನ್ನೊಬ್ಬರು ಅಲ್ಲ, ಎಂಟಕ್ಕೆ ಅನ್ನುತ್ತಾರೆ. ಇಬ್ಬರೂ ಹೇಳುವುದು ಸರಿ. ಅದು ಹೇಗೆ ಅಂತ ಅರ್ಥವಾಗಬೇಕಾದರೆ ‘ಈಸ್ಟರ್ನ್ ಟೈಮ್’ ಎಂಬ ಪದ ಗೊತ್ತಿರಬೇಕು.

ಅಮೆರಿಕದ ಮುಖ್ಯ ಭೂಭಾಗದಲ್ಲೇ ನಾಲ್ಕು ಬೇರೆ ಬೇರೆ ಸಮಯಗಳಿವೆ. ಪೂರ್ವ ಕರಾವಳಿಯದು ಈಸ್ಟರ್ನ್ ಟೈಮ್. ನ್ಯೂಯಾರ್ಕ್ ಇರುವುದು ಅಲ್ಲಿ. ಅಲ್ಲಿಯ ಎರಡು ದೊಡ್ಡ ಶೇರುಪೇಟೆಗಳು, ಅಂದರೆ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಮತ್ತು ನಾಸ್ಡಾಕ್, ನಡೆಯುವುದು ಈ ಗಡಿಯಾರದ ಮೇಲೆ. ಕಂಪನಿ ಕ್ಯಾಲಿಫೋರ್ನಿಯಾದ್ದಾಗಿರಲಿ, ಬೆಂಗಳೂರಿನದ್ದಾಗಿರಲಿ, ಶೇರು ಅಲ್ಲಿ ಮಾರಾಟಕ್ಕಿದ್ದರೆ ನ್ಯೂಯಾರ್ಕ್ ಹೊತ್ತೇ ಲೆಕ್ಕ. ಬೆಳಿಗ್ಗೆ 9:30ಕ್ಕೆ ಗಂಟೆ ಹೊಡೆಯುತ್ತದೆ, ಸಂಜೆ 4ಕ್ಕೆ ಮತ್ತೆ ಹೊಡೆಯುತ್ತದೆ. ಈ ಆರೂವರೆ ಗಂಟೆಗೆ ‘ರೆಗ್ಯುಲರ್ ಸೆಷನ್’ ಎಂದು ಹೆಸರು. ಆರ್ಡರ್ ಹಾಕುವಾಗ, ಸುದ್ದಿ ಓದುವಾಗ ‘ಇ.ಟಿ.’ ಅಂತ ಎರಡು ಅಕ್ಷರ ಕಂಡರೆ ಅದು ಈಸ್ಟರ್ನ್ ಟೈಮ್.

ಈ ಹೊತ್ತು ಮೊದಲಿನಿಂದ ಹೀಗೇ ಇರಲಿಲ್ಲ. 1952ರವರೆಗೆ ನ್ಯೂಯಾರ್ಕ್ ಪೇಟೆಯಲ್ಲಿ ಶನಿವಾರವೂ ವಹಿವಾಟಿತ್ತು. ಮುಚ್ಚುವ ಹೊತ್ತು ನಾಲ್ಕು ಗಂಟೆ ಆಗಿದ್ದು 1974ರಲ್ಲಿ. ತೆರೆಯುವ ಹೊತ್ತು ಹತ್ತರಿಂದ ಒಂಬತ್ತೂವರೆಗೆ ಬಂದಿದ್ದು 1985ರಲ್ಲಿ. ಆಮೇಲೆ ಅದು ಅಲುಗಾಡಿಲ್ಲ.

ಹಾಗಾದರೆ ನಮಗೆ ಯಾಕೆ ಒಮ್ಮೆ ಏಳು, ಒಮ್ಮೆ ಎಂಟು? ಅಲ್ಲಿಯವರು ವರ್ಷಕ್ಕೆ ಎರಡು ಸಲ ತಮ್ಮ ಗಡಿಯಾರವನ್ನೇ ತಿರುಗಿಸುತ್ತಾರೆ, ಅದಕ್ಕೆ. ಬೇಸಿಗೆಯ ಸಂಜೆಯಲ್ಲಿ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಇದೇ ಡೇಲೈಟ್ ಸೇವಿಂಗ್. ಈಗಿನ ಈ ತಾರೀಕುಗಳು 2007ರಿಂದ ಜಾರಿಯಲ್ಲಿವೆ. ಅದಕ್ಕೂ ಮೊದಲು ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಇತ್ತು. ನಾವು ಗಡಿಯಾರ ತಿರುಗಿಸುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಬಿಟ್ಟರು.

ನಮ್ಮ ಲೆಕ್ಕದಲ್ಲಿ ಬರುವ ಆ ಅರ್ಧ ಗಂಟೆ ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಸಮಯಕ್ಕೆ ಆಧಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶ. ಈಸ್ಟರ್ನ್ ಟೈಮಿಗೆ ಆಧಾರ 75 ಡಿಗ್ರಿ ಪಶ್ಚಿಮ. ಎರಡನ್ನೂ ಕೂಡಿಸಿ: 157.5 ಡಿಗ್ರಿ. ಅದನ್ನು 15ರಿಂದ ಭಾಗಿಸಿ: ಹತ್ತೂವರೆ ಗಂಟೆ. ಅಮೆರಿಕದ ಚಳಿಗಾಲದಲ್ಲಿ ನಾವು ನ್ಯೂಯಾರ್ಕಿಗಿಂತ ಅಷ್ಟು ಮುಂದೆ ಇರುತ್ತೇವೆ. ಬೇಸಿಗೆಯಲ್ಲಿ ಅವರು ಒಂದು ಗಂಟೆ ನಮ್ಮ ಕಡೆ ಜರುಗುತ್ತಾರೆ, ಅಂತರ ಒಂಬತ್ತೂವರೆ ಆಗುತ್ತದೆ.

ಹಾಗಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ರೆಗ್ಯುಲರ್ ಸೆಷನ್ ನಮಗೆ ಸಂಜೆ 7ರಿಂದ ರಾತ್ರಿ 1:30. ಉಳಿದ ನಾಲ್ಕು ತಿಂಗಳು ರಾತ್ರಿ 8ರಿಂದ 2:30.

ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. ನ್ಯೂಯಾರ್ಕಿನ ಹೊತ್ತು ತೆಗೆದುಕೊಳ್ಳಿ. ಹಗಲಿದ್ದರೆ ರಾತ್ರಿ ಮಾಡಿ, ರಾತ್ರಿ ಇದ್ದರೆ ಹಗಲು ಮಾಡಿ. ಅದರಿಂದ ಬೇಸಿಗೆಯಲ್ಲಿ ಎರಡೂವರೆ ಗಂಟೆ ಕಳೆಯಿರಿ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ. ಬೆಳಿಗ್ಗೆ 9:30 ಅನ್ನುವುದು ರಾತ್ರಿ 9:30 ಆಯಿತು, ಎರಡೂವರೆ ಕಳೆದರೆ ಏಳು. ಮಧ್ಯಾಹ್ನ ಎರಡು ಅನ್ನುವುದು ಬೆಳಗಿನ ಜಾವ ಎರಡಾಯಿತು, ಎರಡೂವರೆ ಕಳೆದರೆ ರಾತ್ರಿ ಹನ್ನೊಂದೂವರೆ. ಎರಡು ದಿನ ಅಭ್ಯಾಸ ಮಾಡಿದರೆ ಆಮೇಲೆ ಕ್ಷಣದಲ್ಲಿ ಬರುತ್ತದೆ.

ಗಡಿಯಾರ ಬದಲಾಗುವ ದಿನ ನೆನಪಿಡುವುದಕ್ಕೂ ನಮ್ಮದೇ ಗುರುತುಗಳಿವೆ. ನವೆಂಬರ್ 1 ಕನ್ನಡ ರಾಜ್ಯೋತ್ಸವ, ಅಲ್ವಾ? ಆ ದಿನ ಅಥವಾ ಅದರ ನಂತರ ಬರುವ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುತ್ತದೆ. 2026ರಲ್ಲಂತೂ ರಾಜ್ಯೋತ್ಸವವೇ ಭಾನುವಾರ. ಮಾರನೇ ದಿನ ಸೋಮವಾರದಿಂದ ಮಾರ್ಕೆಟ್ ಎಂಟಕ್ಕೆ. ಮಾರ್ಚ್ 8 ಮಹಿಳಾ ದಿನ. ಆ ದಿನ ಅಥವಾ ಅದರ ನಂತರದ ಮೊದಲ ಭಾನುವಾರ ಗಡಿಯಾರ ಮುಂದಕ್ಕೆ. ಅಲ್ಲಿಂದ ಮಾರ್ಕೆಟ್ ಏಳಕ್ಕೆ.

ಈ ಒಂದು ಗಂಟೆ ಅಷ್ಟು ಮುಖ್ಯವಾ ಅಂತ ಕೇಳಬಹುದು. 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೊರೊನಾ ಭಯ ಹಬ್ಬುತ್ತಿದ್ದ ಸಮಯ. ಮಾರ್ಚ್ 8ರ ಭಾನುವಾರ ಅಮೆರಿಕದಲ್ಲಿ ಗಡಿಯಾರ ಮುಂದಕ್ಕೆ ಹೋಯಿತು. ಮಾರನೇ ದಿನ ನಮ್ಮ ಸಂಜೆ ಏಳಕ್ಕೆ ಮಾರ್ಕೆಟ್ ತೆರೆಯಿತು. ಐದು ನಿಮಿಷ ಆಗುವ ಮೊದಲೇ ಎಸ್ ಆ್ಯಂಡ್ ಪಿ 500, ಅಂದರೆ ಅಲ್ಲಿಯ ಸುಮಾರು 500 ದೊಡ್ಡ ಕಂಪನಿಗಳ ಶೇರು ಬೆಲೆಯ ಸೂಚ್ಯಂಕ, ಶೇ. 7 ಬಿತ್ತು. ಅಷ್ಟು ಬಿದ್ದರೆ ಇಡೀ ಪೇಟೆಯನ್ನು 15 ನಿಮಿಷ ನಿಲ್ಲಿಸಬೇಕೆಂಬ ನಿಯಮ ಇದೆ. ಸರ್ಕ್ಯೂಟ್ ಬ್ರೇಕರ್ ಅಂದರೆ ಅದೇ. ವಹಿವಾಟು ನಿಂತಿತು, ಮತ್ತೆ ಶುರುವಾಯಿತು. ಹಿಂದಿನ ವಾರದ ಅಭ್ಯಾಸದಂತೆ ಎಂಟು ಗಂಟೆಗೆ ಬಂದು ಕೂತವರ ಪಾಲಿಗೆ ಇದೆಲ್ಲ ಆಗಿ ಮುಗಿದಿತ್ತು.

ನನಗೂ ಒಂದು ನವೆಂಬರಿನಲ್ಲಿ ಹೀಗಾಗಿದೆ. ಮನೆ ಖರ್ಚಿಗೆ ಅಂತ ಸ್ವಲ್ಪ ಶೇರು ಮಾರಬೇಕಿತ್ತು. ಏಳಕ್ಕೆ ಸರಿಯಾಗಿ ಕೂತೆ. ಬೆಲೆ ಸರಿಯಾಗಿ ಕದಲುತ್ತಿರಲಿಲ್ಲ. ಕೊಳ್ಳುವವರು ಕೇಳುವ ಬೆಲೆಗೂ ಮಾರುವವರು ಹೇಳುವ ಬೆಲೆಗೂ ತುಂಬಾ ಅಂತರ. ಏನೋ ಕೆಟ್ಟ ಸುದ್ದಿ ಬಂದಿರಬೇಕು ಅಂತ ಗಾಬರಿಯಾಗಿ ಕಡಿಮೆ ಬೆಲೆಗೆ ಮಾರಿಬಿಟ್ಟೆ. ಕೆಟ್ಟ ಸುದ್ದಿ ಯಾವುದೂ ಇರಲಿಲ್ಲ. ನಾನು ನೋಡುತ್ತಿದ್ದದ್ದು ‘ಪ್ರೀ-ಮಾರ್ಕೆಟ್’. ಆ ಪದವನ್ನು ಸರಿಯಾಗಿ ತಿಳಿದುಕೊಂಡಿದ್ದು ಆವತ್ತೇ.

ರೆಗ್ಯುಲರ್ ಸೆಷನ್ನಿನ ಹಿಂದೆ ಮುಂದೆಯೂ ವ್ಯಾಪಾರ ನಡೆಯುತ್ತದೆ. ಬೆಳಗಿನ ಜಾವ 4ರಿಂದ 9:30ರವರೆಗೆ ಪ್ರೀ-ಮಾರ್ಕೆಟ್. ಸಂಜೆ 4ರಿಂದ ರಾತ್ರಿ 8ರವರೆಗೆ ಆಫ್ಟರ್-ಅವರ್ಸ್. ಬೇಸಿಗೆಯಲ್ಲಿ ಇವು ನಮಗೆ ಮಧ್ಯಾಹ್ನ 1:30ರಿಂದ 7, ಮತ್ತು ರಾತ್ರಿ 1:30ರಿಂದ ಬೆಳಿಗ್ಗೆ 5:30. ಚಳಿಗಾಲದಲ್ಲಿ ಎಲ್ಲಕ್ಕೂ ಒಂದು ಗಂಟೆ ಸೇರಿಸಿ. ಹಗಲಲ್ಲೇ ವ್ಯಾಪಾರ ಮುಗಿಸಬಹುದಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಊರ ಸಂತೆ ನೆನಪಿಸಿಕೊಳ್ಳಿ. ಸಂತೆ ಕಟ್ಟುವ ಮೊದಲೇ ಹೋದರೆ ಇಬ್ಬರು ಮಾರುವವರು, ಮೂವರು ಕೊಳ್ಳುವವರು. ಅವರು ಹೇಳಿದ್ದೇ ಬೆಲೆ. ಸಂತೆ ತುಂಬಿದ ಮೇಲೆ ಹತ್ತು ಕಡೆ ವಿಚಾರಿಸಬಹುದು, ನ್ಯಾಯವಾದ ಬೆಲೆ ತಾನಾಗಿ ನಿಲ್ಲುತ್ತದೆ. ಇಲ್ಲೂ ಹಾಗೇ. ರೆಗ್ಯುಲರ್ ಸೆಷನ್ ಬಿಟ್ಟು ಉಳಿದ ಹೊತ್ತಲ್ಲಿ ಜನ ಕಡಿಮೆ, ಬೆಲೆಯ ಅಂತರ ಜಾಸ್ತಿ. ಅವಸರ ಇಲ್ಲದವರು ಸುಮ್ನೆ ಆ ಹೊತ್ತಿಗೆ ಕೈ ಹಾಕದಿರುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಹಾಕಲೇಬೇಕಾದರೆ ‘ಲಿಮಿಟ್ ಆರ್ಡರ್’ ಮಾತ್ರ ಹಾಕಿ. ಅಂದರೆ ಇಷ್ಟಕ್ಕಿಂತ ಜಾಸ್ತಿಗೆ ಕೊಳ್ಳುವುದಿಲ್ಲ, ಇಷ್ಟಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂದು ಮೊದಲೇ ಬೆಲೆ ಕಟ್ಟಿ ಹೇಳುವುದು.

ಲಿಮಿಟ್ ಆರ್ಡರ್ ನಿದ್ದೆಯನ್ನೂ ಉಳಿಸುತ್ತದೆ. ಸಂಜೆ ಊಟಕ್ಕೆ ಮೊದಲು ಬೆಲೆ ಬರೆದಿಟ್ಟು ಮಲಗಬಹುದು. ಆ ಬೆಲೆ ಬಂದರೆ ವ್ಯಾಪಾರ ಆಗುತ್ತದೆ, ಬರದಿದ್ದರೆ ಇಲ್ಲ. ವರ್ಷಗಟ್ಟಲೆ ಇಟ್ಟುಕೊಳ್ಳಲು ಕೊಳ್ಳುವವರು ರಾತ್ರಿ ಎರಡರವರೆಗೆ ಪರದೆ ನೋಡುತ್ತಾ ಕೂರುವ ಅಗತ್ಯ ನನಗಂತೂ ಕಾಣುವುದಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವವರ ಆರೋಗ್ಯ ಅದಕ್ಕಿಂತ ದೊಡ್ಡದು.

ಹಾಗಂತ ರಾತ್ರಿಯ ಕೆಲವು ಹೊತ್ತುಗಳು ಗೊತ್ತಿರಬೇಕು. ಬೆಲೆ ಏರಿಳಿತ ಬೆಲ್ ಹೊಡೆದ ಮೊದಲ ಅರ್ಧ ಗಂಟೆಯಲ್ಲಿ ಜೋರು. ಅಲ್ಲಿಯ ಬೆಲೆಯೇರಿಕೆಯ ಅಂಕಿ, ಉದ್ಯೋಗದ ಅಂಕಿ ಹೊರಬರುವುದು ಬೆಳಿಗ್ಗೆ 8:30ಕ್ಕೆ, ನಮಗೆ ಸಂಜೆ 6 ಅಥವಾ 7. ಅಲ್ಲಿಯ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ದರ ಹೇಳುವುದು ಮಧ್ಯಾಹ್ನ 2ಕ್ಕೆ, ನಮಗೆ ರಾತ್ರಿ 11:30 ಅಥವಾ 12:30. ಆಪಲ್, ಎನ್‌ವಿಡಿಯಾದಂಥ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಮಾರ್ಕೆಟ್ ಮುಚ್ಚಿದ ಮೇಲೆ ಫಲಿತಾಂಶ ಕೊಡುತ್ತವೆ. ನಾವು ಎದ್ದು ಕಾಫಿ ಕುಡಿಯುವಾಗ ಕಾಣುವ ಬೆಲೆ ಆಗ ಆಫ್ಟರ್-ಅವರ್ಸ್ ಬೆಲೆ. ಸಂಜೆ ಮಾರ್ಕೆಟ್ ತೆರೆಯುವಾಗ ಅದು ಹಾಗೇ ಇರಬೇಕೆಂದಿಲ್ಲ.

ತಾರೀಕಿನ ವಿಷಯದಲ್ಲೂ ಎಚ್ಚರ ಬೇಕು. ಮಧ್ಯರಾತ್ರಿ ದಾಟಿದರೆ ನಮಗೆ ಹೊಸ ದಿನ, ಅಲ್ಲಿ ಇನ್ನೂ ಹಳೇ ದಿನ. ಸೋಮವಾರ ಮಧ್ಯರಾತ್ರಿ ದಾಟಿ ಹನ್ನೆರಡೂವರೆಗೆ, ಅಂದರೆ ನಮಗೆ ಮಂಗಳವಾರ ಶುರುವಾದ ಮೇಲೆ, ನೀವು ಕೊಂಡ ಶೇರು ಸ್ಟೇಟ್‌ಮೆಂಟಿನಲ್ಲಿ ಸೋಮವಾರದ್ದಾಗಿರುತ್ತದೆ. ಡಿವಿಡೆಂಡ್ (ಕಂಪನಿ ಹಂಚುವ ಲಾಭದ ಪಾಲು) ಸಿಗುತ್ತದೋ ಇಲ್ಲವೋ ಎಂಬ ಕೊನೆಯ ದಿನದ ಲೆಕ್ಕ ಅಲ್ಲಿಯ ತಾರೀಕಿನದು. ಅವರ ಶುಕ್ರವಾರದ ವಹಿವಾಟು ನಮಗೆ ಶನಿವಾರ ಬೆಳಗಿನ ಜಾವ ಮುಗಿಯುತ್ತದೆ. ನಮ್ಮ ಸೋಮವಾರ ಬೆಳಿಗ್ಗೆ ಅವರಿಗೆ ಇನ್ನೂ ಭಾನುವಾರ ರಾತ್ರಿ.

ರಜೆಗಳೂ ಅವರವೇ. ಗಣೇಶನ ಹಬ್ಬಕ್ಕೆ, ದೀಪಾವಳಿಗೆ ಅಲ್ಲಿ ಪೇಟೆ ತೆರೆದಿರುತ್ತದೆ. ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಪೂರ್ತಿ ರಜೆ. ಮಾರನೇ ದಿನ ಶುಕ್ರವಾರ ಮಧ್ಯಾಹ್ನ ಒಂದಕ್ಕೇ ಮುಚ್ಚುತ್ತಾರೆ, ನಮಗೆ ರಾತ್ರಿ 11:30. ಜುಲೈ 4ರ ಸ್ವಾತಂತ್ರ್ಯ ದಿನ ಶನಿವಾರ ಬಂದರೆ ಶುಕ್ರವಾರ ರಜೆ, ಭಾನುವಾರ ಬಂದರೆ ಸೋಮವಾರ ರಜೆ. ಅಪರೂಪಕ್ಕೆ ಪಟ್ಟಿಯಲ್ಲಿಲ್ಲದ ರಜೆಯೂ ಬರುತ್ತದೆ. 2012ರ ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತಕ್ಕೆ ಎರಡು ದಿನ ಮುಚ್ಚಿತ್ತು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಗೌರವಕ್ಕೆ 2025ರ ಜನವರಿ 9ರಂದು ಮುಚ್ಚಿತ್ತು.

ನಮ್ಮ ಪೇಟೆ 9:15ರಿಂದ 3:30ರವರೆಗೆ. ಅಲ್ಲಿಯ ರೆಗ್ಯುಲರ್ ಸೆಷನ್ ಜೊತೆ ಯಾವ ಕಾಲದಲ್ಲೂ ಒಂದು ನಿಮಿಷವೂ ಕೂಡುವುದಿಲ್ಲ. ಇನ್ಫೋಸಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದಲ್ಲಿ ನೋಂದಣಿಯಾದ ಕಂಪನಿಗಳಲ್ಲಿ ನಾಸ್ಡಾಕ್ ಪಟ್ಟಿ ಸೇರಿದ ಮೊದಲ ಕಂಪನಿ ಅದು, 1999ರ ಮಾರ್ಚ್‌ನಲ್ಲಿ. 2012ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜಿಗೆ ಹೋಯಿತು. ಅಲ್ಲಿ ಮಾರಾಟವಾಗುವುದು ಎಡಿಆರ್, ಅಂದರೆ ಮೂಲ ಶೇರಿಗೆ ಬದಲಾಗಿ ಅಮೆರಿಕದಲ್ಲಿ ಕೊಡುವ ರಸೀದಿ. ಮುಂಬೈನಲ್ಲಿ ಮಧ್ಯಾಹ್ನ ನಿಂತ ಬೆಲೆಯನ್ನು ನ್ಯೂಯಾರ್ಕ್ ರಾತ್ರಿ ಮತ್ತೆ ತೂಗುತ್ತದೆ. ಬೆಳಿಗ್ಗೆ ಮುಂಬೈ ಆ ತೂಕ ನೋಡಿ ಶುರು ಮಾಡುತ್ತದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ಗಿಫ್ಟ್ ನಿಫ್ಟಿಯ, ಅಂದರೆ ನಮ್ಮ ನಿಫ್ಟಿ ಸೂಚ್ಯಂಕ ಮುಂದೆ ಎಷ್ಟಾಗಬಹುದು ಎಂಬುದರ ಮೇಲಿನ ವಹಿವಾಟಿನ, ಎರಡನೇ ಸೆಷನ್ ರಾತ್ರಿ 2:45ರವರೆಗೆ ಇರುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಮುಚ್ಚುವ 2:30 ಕೂಡ ಅದರೊಳಗೇ ಬರುತ್ತದೆ ನೋಡಿ.

ಮುಂದೆ ಈ ಹೊತ್ತುಗಳು ಇನ್ನೂ ಹಿಗ್ಗಲಿವೆ. ವಾರಕ್ಕೆ ಐದು ದಿನ, ಹೆಚ್ಚುಕಮ್ಮಿ ಇಡೀ ದಿನ ವಹಿವಾಟು ನಡೆಸುವ ಯೋಜನೆಯನ್ನು ನಾಸ್ಡಾಕ್ 2025ರ ಮಾರ್ಚ್‌ನಲ್ಲಿ ಹೇಳಿದೆ. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಕೂಡ ತನ್ನ ಒಂದು ಪೇಟೆಯನ್ನು ದಿನಕ್ಕೆ 22 ಗಂಟೆ ತೆರೆದಿಡುವ ಯೋಜನೆಯನ್ನು 2024ರಲ್ಲಿ ಹೇಳಿತ್ತು. ಏಷ್ಯಾದ ಹೂಡಿಕೆದಾರರು ತಮ್ಮ ಹಗಲಿನಲ್ಲೇ ವ್ಯಾಪಾರ ಮಾಡಲಿ ಅನ್ನುವುದು ಇದರ ಹಿಂದಿರುವ ಒಂದು ದೊಡ್ಡ ಕಾರಣ. ಆಗ ನಮ್ಮ ತಿಂಡಿ ಹೊತ್ತಿಗೂ ಅಮೆರಿಕದ ಶೇರಿಗೆ ಬೆಲೆ ಕಾಣುತ್ತದೆ. ಆದರೆ ಆ ಹೊತ್ತಲ್ಲಿ ಅಲ್ಲಿಯ ಜನ ಮಲಗಿರುತ್ತಾರೆ. ಸಂತೆ ತುಂಬುವುದು ಆಗಲೂ ನ್ಯೂಯಾರ್ಕಿನ ಒಂಬತ್ತೂವರೆಗೇ.