ತಾಮ್ರದ ತಗಡಿನಲ್ಲಿ ಶ್ರೀರಂಗಪಟ್ಟಣದ ಮುಂಗಾರು

ಶ್ರೀರಂಗಪಟ್ಟಣದ ಕೋಟೆ ಮೇಲೆ ಟಿಪ್ಪು ಸುಲ್ತಾನ್ ಕಾಲಗಲಿಸಿ ನಿಂತಿದ್ದಾನೆ. ಕೆಳಗೆ ಕಾರ್ನ್‌ವಾಲಿಸ್‌ನ ಇಂಗ್ಲಿಷ್ ದಂಡು ಎದ್ದುಬಿದ್ದು ಓಡುತ್ತಿದೆ. ಟಿಪ್ಪು ಮೇಲಿನಿಂದ ಅವರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ! ಚಿತ್ರದ ಹೆಸರಲ್ಲೇ ಕೀಟಲೆಯಿದೆ: ಮುಂಗಾರು ಶುರುವಾಯಿತಂತೆ.

ಇದು ಮೈಸೂರಿನವರು ಬರೆದ ಚಿತ್ರವಲ್ಲ. 1791ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದಿದ್ದು. ಬರೆದವನು ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ, ಇಂಗ್ಲೆಂಡಿನವನೇ. ಟಿಪ್ಪು ಮೇಲೆ ಅವನಿಗೆ ಪ್ರೀತಿ ಇತ್ತು ಅಂತಲ್ಲ. ತಮ್ಮ ಸೇನಾಪತಿಯ ಫಜೀತಿ ಅವನಿಗೆ ಒಳ್ಳೆಯ ಸರಕಾಗಿತ್ತು, ಅಷ್ಟೇ. ಆ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕೋಟೆಯ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸತ್ತವು. ಎಳೆಯುವ ಎತ್ತೇ ಇಲ್ಲದ ಮೇಲೆ ದೊಡ್ಡ ಫಿರಂಗಿಗಳನ್ನು ಏನು ಮಾಡೋದು? ತಾನೇ ಒಡೆದುಹಾಕಿ ಬೆಂಗಳೂರಿನತ್ತ ಹೊರಟ.

ಗಿಲ್ರೇ ಗೆರೆ ಕೊರೆದಿದ್ದು ಆಸಿಡ್‌ನಿಂದ. ನುಣುಪಾದ ತಾಮ್ರದ ತಗಡಿಗೆ ಮೇಣ ಬಳಿಯುತ್ತಿದ್ದರು. ಅದರ ಮೇಲೆ ಸೂಜಿಯಿಂದ ಗೀಚಿದರೆ ಮೇಣ ಕಿತ್ತು ತಾಮ್ರ ಕಾಣುತ್ತದೆ. ಆಮೇಲೆ ನೈಟ್ರಿಕ್ ಆಸಿಡ್ ಸುರಿಯಬೇಕು. ಮೇಣವಿದ್ದ ಜಾಗವನ್ನು ಅದು ಮುಟ್ಟುವುದಿಲ್ಲ, ಗೀಚಿದ ಜಾಗವನ್ನು ಮಾತ್ರ ತಿನ್ನುತ್ತದೆ. ಗೆರೆಯ ಮೇಲೆ ಗುಳ್ಳೆ ಏಳುತ್ತವೆ. ಅವು ಅಲ್ಲೇ ಕೂತರೆ ಆಸಿಡ್ ಸಮನಾಗಿ ತಿನ್ನುವುದಿಲ್ಲ, ಅದಕ್ಕೆ ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿ ಓಡಿಸುತ್ತಿದ್ದರು. ತಾಮ್ರ ಕರಗಿದಂತೆ ದ್ರವ ಹಸಿರು-ನೀಲಿಗೆ ತಿರುಗುತ್ತದೆ.

ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳ, ಕಪ್ಪೂ ಜಾಸ್ತಿ. ದೂರದ ಬೆಟ್ಟ ತಿಳಿಯಾಗಿ ಬರಬೇಕಾದರೆ ಸ್ವಲ್ಪ ಹೊತ್ತಿಗೇ ಆ ಭಾಗಕ್ಕೆ ವಾರ್ನಿಷ್ ಬಳಿದು, ಉಳಿದದ್ದನ್ನು ಮತ್ತೆ ಆಸಿಡ್‌ಗೆ ಬಿಡಬೇಕು. ಕೊನೆಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ರೋಲರ್‌ಗಳ ನಡುವೆ ಒತ್ತುತ್ತಿದ್ದರು. ಕಾಗದ ಗೆರೆಯ ಕುಳಿಯೊಳಗೇ ಇಳಿದು ಶಾಯಿ ಎತ್ತಿಕೊಳ್ಳುತ್ತದೆ. ಹಾಗಾಗಿ ಗೆರೆ ಬೆರಳಿಗೂ ತಾಕುತ್ತದೆ. ಅಚ್ಚು ತಿರುಗಾಮುರುಗಾ ಬೀಳುವುದರಿಂದ ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಯಬೇಕಿತ್ತು. ಬಣ್ಣ ಮಾತ್ರ ಕೈಯಿಂದ, ಒಂದೊಂದೇ ಹಾಳೆಗೆ.

ಫ್ರಾನ್ಸ್‌ನಲ್ಲಿ ಕ್ರಾಂತಿ ಸರ್ಕಾರವೇ ಇಂಥ ಚಿತ್ರಗಳನ್ನು ಬರೆಸಿತು. ದೊಡ್ಡ ಕಲಾವಿದ ಜಾಕ್ ಲೂಯಿ ದಾವೀದ್ ಇಂಗ್ಲಿಷ್ ಸೈನ್ಯವನ್ನು ಹೂಜಿಗಳ ದಂಡು ಮಾಡಿಟ್ಟ. ಫ್ರೆಂಚ್‌ನಲ್ಲಿ ಹೂಜಿ ಅಂದರೆ ಪೆದ್ದ ಅಂತಲೂ ಅರ್ಥ. ಇತ್ತ ಗಿಲ್ರೇಗೂ 1797ರಿಂದ ಸರ್ಕಾರದ ಪಿಂಚಣಿ ಸಿಕ್ಕಿತು. ಆಮೇಲೆ ಅವನ ಸೂಜಿ ನೆಪೋಲಿಯನ್‌ನನ್ನು ಚುಚ್ಚಿದಷ್ಟು ಮಂತ್ರಿಗಳನ್ನು ಚುಚ್ಚಲಿಲ್ಲ. ಸುಮಾರು 168 ಸೆಂಟಿಮೀಟರ್ ಎತ್ತರದ ನೆಪೋಲಿಯನ್ ಇವತ್ತಿಗೂ ಕುಳ್ಳ ಅನ್ನಿಸಿಕೊಂಡಿರುವುದರಲ್ಲಿ ಗಿಲ್ರೇಯ ಪಾಲು ದೊಡ್ಡದು.

ಟಿಪ್ಪುವಿನ ಚಿತ್ರಕ್ಕೆ ಮಾತ್ರ ಟೈಮ್ ಕೈಕೊಟ್ಟಿತು. ಸುದ್ದಿ ಆಫ್ರಿಕಾ ಸುತ್ತಿಕೊಂಡು ಹಡಗಿನಲ್ಲಿ ಹೋಗಬೇಕಿತ್ತು ನೋಡಿ. ಮುಂಗಾರಿನ ಸೋಲನ್ನು ಲಂಡನ್ ಚಳಿಗಾಲದಲ್ಲಿ ನೋಡಿ ನಗುತ್ತಿತ್ತು. ಅಷ್ಟೊತ್ತಿಗೆ ಕಾರ್ನ್‌ವಾಲಿಸ್ ಹೊಸ ಎತ್ತು, ಹೊಸ ಫಿರಂಗಿ ಹೊಂದಿಸುತ್ತಿದ್ದ. 1792ರ ಫೆಬ್ರವರಿಯಲ್ಲಿ ಮತ್ತೆ ಕೋಟೆಯ ಮುಂದೆ ನಿಂತ. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.