12 ಮಿ.ಮೀ. ಟಫನ್ಡ್ ಗಾಜು ಹಾಕಿದರೆ ಫೈರ್ ಡೋರ್ ಆಗುತ್ತಾ?

ಪ್ರಶ್ನೆ: ನಮ್ಮ ಕಟ್ಟಡದ ಮೆಟ್ಟಿಲ ಬಳಿ ಫೈರ್ ಡೋರ್ (ಬೆಂಕಿ ಹರಡದಂತೆ ತಡೆಯುವ ಬಾಗಿಲು) ಹಾಕಿಸಬೇಕು. ಮರದ್ದು ಹಾಕಿದರೆ ಕತ್ತಲು. ‘12 ಮಿ.ಮೀ. ಟಫನ್ಡ್ ಗಾಜು ಹಾಕಿ, ಬೆಂಕಿಗೂ ಜಗ್ಗಲ್ಲ’ ಅನ್ನುತ್ತಾರೆ ಗಾಜಿನವರು. ನಂಬಬಹುದಾ?

ಉತ್ತರ: ನಂಬಬೇಡಿ. ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿದ ಗಾಜು, ಗಟ್ಟಿ ಹೌದು, ಆದರೆ ಅದು ಪೆಟ್ಟು ತಡೆಯುವ ಗಟ್ಟಿತನ. ಜೋರಾದ ಬೆಂಕಿಯ ಮುಂದೆ ಕೆಲವೇ ನಿಮಿಷಗಳಲ್ಲಿ ಪುಡಿಪುಡಿಯಾಗಿ ಉದುರಿಬಿಡುತ್ತದೆ. ಗಾಜಿನ ನಡುಭಾಗ ಕಾದು ಹಿಗ್ಗುತ್ತಿರುತ್ತದೆ, ಫ್ರೇಮಿನೊಳಗೆ ಕೂತ ಅಂಚು ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟದಲ್ಲಿ ಗಾಜು ಸೋಲುತ್ತದೆ. ದಪ್ಪ ಜಾಸ್ತಿ ಮಾಡಿದರೆ ಸರಿಹೋಗುವ ಸಮಸ್ಯೆಯಲ್ಲ ಇದು. ಬಾಗಿಲನ್ನು ಪರೀಕ್ಷಿಸುವ ಕುಲುಮೆಯ ಬಿಸಿ 30 ನಿಮಿಷಕ್ಕೆ ಸುಮಾರು 840 ಡಿಗ್ರಿ ಸೆಲ್ಸಿಯಸ್, 60 ನಿಮಿಷಕ್ಕೆ ಸುಮಾರು 945. (ಬೆಂಕಿಗೆಂದೇ ತಯಾರಿಸಿ, ಪರೀಕ್ಷೆ ಪಾಸಾದ ಟಫನ್ಡ್ ಗಾಜೂ ಇದೆ. ಅದು ಬೇರೆ ಮಾಲು.)

ಗಾಜು ಒಡೆಯದೇ ನಿಂತರೆ ಸಾಕಾ ಅಂದರೆ, ಅದೂ ಸಾಲದು. ಯುರೋಪಿನ ವರ್ಗೀಕರಣದಲ್ಲಿ ಮೂರು ಗುರುತುಗಳಿವೆ. ‘ಇ’ (E) ಅಂದರೆ ಜ್ವಾಲೆ, ಬಿಸಿ ಅನಿಲ ಆಚೆಗೆ ನುಗ್ಗುವುದಿಲ್ಲ, ಅಷ್ಟೇ. ‘ಇಡಬ್ಲ್ಯು’ (EW) ಹಾಯುವ ಝಳಕ್ಕೂ ಮಿತಿ ಹಾಕುತ್ತದೆ. ‘ಇಐ’ (EI) ಆದರೆ ಬೆಂಕಿಯಿಲ್ಲದ ಬದಿಯ ಗಾಜೇ ಹೆಚ್ಚು ಕಾಯುವಂತಿಲ್ಲ: ಮೊದಲಿದ್ದ ಬಿಸಿಗಿಂತ ಸರಾಸರಿ 140 ಡಿಗ್ರಿ, ಯಾವುದೇ ಒಂದು ಜಾಗದಲ್ಲಿ 180 ಡಿಗ್ರಿ ಮೀರಿ ಏರಬಾರದು. ಪಕ್ಕದ ಅಂಕಿ ನಿಮಿಷಗಳ ಲೆಕ್ಕ. ‘ಇಐ 60’ ಅಂದರೆ ಒಂದು ಗಂಟೆ.

ನಿಮ್ಮದು ಮೆಟ್ಟಿಲ ಬಾಗಿಲು. ಜನ ಆ ಗಾಜಿನ ಪಕ್ಕದಲ್ಲೇ ಇಳಿದು ಓಡಬೇಕು. ಬರೀ ‘ಇ’ ಗಾಜಿನ ಆಚೆ ಬೆಂಕಿ ಉರಿಯುತ್ತಿದ್ದರೆ ಈಚೆ ಒಂದು ಬೂದಿಯೂ ಬೀಳದಿರಬಹುದು, ಆದರೆ ಝಳಕ್ಕೆ ಯಾರೂ ಹತ್ತಿರ ಸುಳಿಯಲಾರರು. ಹಾಗಾಗಿ ನಾನಾದರೆ ಇಲ್ಲಿ ‘ಇಐ’ಗಿಂತ ಕೆಳಗಿಳಿಯುವುದಿಲ್ಲ. ಎಷ್ಟು ನಿಮಿಷ ಬೇಕು ಎಂಬುದನ್ನು ಸ್ಥಳೀಯ ಕಟ್ಟಡ ನಿಯಮ ಹೇಳುತ್ತದೆ.

ಈ ‘ಇಐ’ ಗಾಜಿನ ಒಳಗುಟ್ಟು ಚೆನ್ನಾಗಿದೆ. ಗಾಜಿನ ಹಾಳೆಗಳ ನಡುವೆ ಪಾರದರ್ಶಕ ಪದರಗಳಿರುತ್ತವೆ. ಎಷ್ಟೋ ಕಂಪನಿಯವರು ಸೋಡಿಯಂ ಸಿಲಿಕೇಟ್ ಬಳಸುತ್ತಾರೆ. ಬೆಂಕಿಯ ಕಡೆಯ ಹಾಳೆ ಬಿರುಕು ಬಿಟ್ಟು, ಬಿಸಿ ಸುಮಾರು 120 ಡಿಗ್ರಿ ಮುಟ್ಟುತ್ತಿದ್ದಂತೆ ಒಳಗಿನ ಪದರ ಬಿಳಿ ನೊರೆಯಾಗಿ ಉಬ್ಬಿ ಗಟ್ಟಿಯಾಗುತ್ತದೆ. ನೋಡನೋಡುತ್ತಿದ್ದಂತೆ ಗಾಜು ಗೋಡೆಯಾಗುತ್ತದೆ, ಅಲ್ವಾ! ಆದರೆ ಆ ಪದರಕ್ಕೆ ನೀರು ಆಗದು. ಅಂಚಿನ ಟೇಪು ಕಿತ್ತರೆ ತೇವ ಒಳಸೇರಿ ಗಾಜು ಮಂಕಾಗುತ್ತದೆ. ಸೈಟಿನಲ್ಲಿ ‘ಸುಮ್ನೆ ಒಂದಿಂಚು ಕೊಯ್ದುಬಿಡೋಣ’ ಅಂದವರಿಗೆ ಅದನ್ನು ಮುಟ್ಟಲೂ ಕೊಡಬೇಡಿ. ಅಳತೆ ಮಾಡಿಸಿಯೇ ಆರ್ಡರ್ ಕೊಡಿ.

ಇನ್ನು ಫ್ರೇಮು. ಜನ ಗಾಜಿಗೆ ದುಡ್ಡು ಸುರಿದು ಜಾರಿಬೀಳುವುದು ಇಲ್ಲೇ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೇ ಕರಗುತ್ತದೆ. ಮೇಲಿನ ಕುಲುಮೆಯ ಲೆಕ್ಕ ನೆನಪಿದೆಯಲ್ಲ? ಒಳಗೆ ತಂಪು ಹಿಡಿಯುವ ತುಂಬುಗೆಯಿರುವ, ಪರೀಕ್ಷೆ ಪಾಸಾದ ಅಲ್ಯೂಮಿನಿಯಂ ಫ್ರೇಮು ಸಿಗುತ್ತದೆ, ಅದಾದರೆ ಸರಿ. ಮಾಮೂಲಿ ಟೊಳ್ಳು ಪಟ್ಟಿ ಬೇಡವೇ ಬೇಡ. ‘ಇಐ’ಗೆ ಬರೀ ಸ್ಟೀಲೂ ಸಾಲದು. ಕರಗದಿದ್ದರೂ ಅದು ಬಿಸಿಯನ್ನು ಆಚೆಗೆ ದಾಟಿಸುತ್ತದೆ. ಮರ ಕೇಳಿದರೆ ನಗಬೇಡಿ. ದಪ್ಪ ಗಟ್ಟಿಮರ ಮೇಲೆ ಇದ್ದಿಲಾಗುತ್ತಾ ನಿಧಾನ ಸುಡುತ್ತದೆ. ಶಾಖಕ್ಕೆ ಉಬ್ಬುವ ಪಟ್ಟಿಯನ್ನು ಸಂದಿಗೆ ಕೂರಿಸಿದ ಮರದ ಬಾಗಿಲುಗಳು ಎಷ್ಟೋ ಪರೀಕ್ಷೆ ಗೆದ್ದಿವೆ.

ಹಾಗಾಗಿ ಗಾಜಿನವರನ್ನು ‘ಗಾಜಿನ ಸರ್ಟಿಫಿಕೇಟ್ ಇದೆಯಾ’ ಅಂತ ಕೇಳಬೇಡಿ, ಅದು ಇದ್ದೇ ಇರುತ್ತದೆ. ಗಾಜು, ಫ್ರೇಮು, ಸಂದಿ ಮುಚ್ಚುವ ಗ್ಯಾಸ್ಕೆಟ್, ಹಿಂಜು, ಬೀಗ, ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಎಲ್ಲವನ್ನೂ ಒಟ್ಟಿಗೆ ಸುಟ್ಟು ನೋಡಿದ ವರದಿ ಕೇಳಿ. ಅದರಲ್ಲಿ ಯಾವ ಗರಿಷ್ಠ ಅಳತೆಗೆ ಒಪ್ಪಿಗೆ ಇದೆ, ಬೆಂಕಿಯನ್ನು ಯಾವ ಬದಿಯಿಂದ ಹಚ್ಚಿದ್ದರು ನೋಡಿ. ವರದಿಯಲ್ಲಿ ಒಂದು ಬಗೆಯ ಹಿಂಜು, ನಿಮ್ಮ ಬಾಗಿಲಿಗೆ ಇನ್ನೊಂದು ಬಗೆಯದು ಅಂತಾದರೆ ಆ ವರದಿ ನಿಮ್ಮ ಬಾಗಿಲಿನದ್ದಲ್ಲ. ಬಾಗಿಲು ಬಂದ ದಿನ ಗಾಜಿನ ಮೂಲೆಯ ಅಳಿಸದ ಗುರುತನ್ನು ವರದಿಯ ಹೆಸರಿಗೆ ತಾಳೆ ನೋಡಿ. ಹಣ ಕೊಡುವುದು ಆಮೇಲೆ.